ಯಶೋದಮ್ಮನವರೂ ಹಳದಿ ಪೆಟ್ಟಿಗೆಯೂ

ಯಶೋದಮ್ಮನವರು ನಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೊಡ್ಡವರ ಜೀವನ ಬರೆಯುವವರು ‘ಸದಾ ಹಸನ್ಮುಖಿ’ ಎಂದೇ ಶುರುಮಾಡುತ್ತಾರೆ. ನಾನು ಹಾಗೆ ಬರೆದರೆ ಹುಣಸೂರಿನಲ್ಲಿ ಅವರ ಕೈಕೆಳಗೆ ಓದಿದ ಯಾವ ಮುದುಕಿಯೂ ನನ್ನನ್ನು ಸುಮ್ಮನೆ ಬಿಡಲಾರಳು. ನಮ್ಮವ್ವ ಪುಟ್ಟತಾಯಮ್ಮ ಅವರ ಶಿಷ್ಯೆ. ನಮ್ಮಜ್ಜಿ ಕೆಂಪಾಜಮ್ಮ ಶಿಷ್ಯೆಯೂ ಅಲ್ಲ, ಸ್ನೇಹಿತೆಯೂ ಅಲ್ಲ. ಅವರ ಎದುರು ನಿಂತು ವಾದ ಮಾಡಿದ ಹೆಂಗಸು. ನಾನಿಲ್ಲಿ ಹೇಳುವುದೆಲ್ಲ ಅವರಿಬ್ಬರ ಬಾಯಿಂದ ಕೇಳಿದ್ದು.

ಯಶೋದಮ್ಮನವರು ಹುಟ್ಟಿದ್ದು ಸಾಲಿಗ್ರಾಮದಲ್ಲಿ, ಶಾನುಭೋಗರ ಮನೆಯಲ್ಲಿ. ಒಂಬತ್ತನೇ ವಯಸ್ಸಿಗೆ ಮದುವೆಯಾಯಿತು. ಪ್ಲೇಗು ಬಂದ ವರ್ಷ ಗಂಡ ಹೋದ. ಗಂಡನ ಮುಖ ನೆನಪಿದೆಯೇ ಎಂದು ಯಾರೋ ಕೇಳಿದ್ದಕ್ಕೆ, ‘ಕಿವಿಯಲ್ಲಿದ್ದ ಒಂಟಿ ನೆನಪಿದೆ’ ಎಂದಿದ್ದರಂತೆ. ಅವರ ತಂದೆ ಮಾತ್ರ ಮಗಳನ್ನು ಅಡುಗೆಮನೆಯ ಮೂಲೆಗೆ ತಳ್ಳಲಿಲ್ಲ. ಅಗ್ರಹಾರದವರು ಬೈದರೂ ಗಾಡಿ ಕಟ್ಟಿಸಿ ಮೈಸೂರಿಗೆ ಕರೆದುಕೊಂಡು ಹೋಗಿ, ವಿಧವೆಯರಿಗೆ ಪಾಠ ಹೇಳಿ ಉಪಾಧ್ಯಾಯಿನಿಯರನ್ನಾಗಿ ಮಾಡುತ್ತಿದ್ದ ಕಡೆ ಸೇರಿಸಿದರು. ಹೀಗೆ ಊರಿಗೆ ಬೇಡವಾದ ಹುಡುಗಿ ಓದು ಮುಗಿಸಿ ಹುಣಸೂರಿಗೆ ಬಂದದ್ದು ಮೊದಲನೇ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ.

ಆಗಿನ ಹುಣಸೂರೆಂದರೆ ಮರದ ಡಿಪೋ, ಗಾಡಿ ಮಾಡುವವರ ಬಡಿತ, ಕೊಡಗಿನ ರಸ್ತೆಯ ಧೂಳು. ಹೆಣ್ಣುಮಕ್ಕಳ ಶಾಲೆ ಇದ್ದದ್ದು ಹೊಳೆಗೆ ಹೋಗುವ ದಾರಿಯ ಒಂದು ಹೆಂಚಿನ ಮನೆಯಲ್ಲಿ. ಹುಡುಗಿಯರಿಗಿಂತ ಗುಬ್ಬಿಗಳೇ ಹೆಚ್ಚು. ಯಶೋದಮ್ಮನವರು ಸಂಜೆ ಸಂಜೆ ಮನೆ ಮನೆಗೆ ಹೋಗಿ, ಜಗಲಿಯ ಕೆಳಗೇ ನಿಂತು, ‘ಮದುವೆ ಗೊತ್ತಾಗುವವರೆಗಾದರೂ ಕಳಿಸಿ’ ಎನ್ನುತ್ತಿದ್ದರು. ‘ಓದಿ ಅಮಲ್ದಾರಿಕೆ ಮಾಡ್ಬೇಕಾ?’ ಎಂದು ಗಂಡಸರು ನಕ್ಕರೆ, ‘ಅಮಲ್ದಾರರ ಕಾಗದ ಬಂದರೆ ಓದಿ ಹೇಳುವುದಕ್ಕೆ ಮನೆಯಲ್ಲಿ ಒಬ್ಬರಾದರೂ ಬೇಡವೇ?’ ಎಂದು ಕೇಳಿ, ಉತ್ತರಕ್ಕೆ ಕಾಯುತ್ತಾ ನಿಂತೇ ಇರುತ್ತಿದ್ದರು. ನಿಂತವರನ್ನು ಕಳಿಸುವುದಕ್ಕಾಗಿಯೇ ಎಷ್ಟೋ ಜನ ಒಪ್ಪಿಕೊಂಡರು.

ಒಪ್ಪುವುದಕ್ಕೆ ಇನ್ನೂ ಒಂದು ಕಾರಣವಿತ್ತು. ಬಣ್ಣವಿಲ್ಲದ ಸೀರೆ, ತಲೆಯ ಮೇಲೆ ಜಾರದ ಸೆರಗು, ದಿನಕ್ಕೊಂದು ಊಟ, ಯಾರನ್ನೂ ಸೋಕದೆ ಒಂದು ಮಾರು ದೂರ ನಿಲ್ಲುವ ಮಡಿ. ಇಂಥವರ ಕೈಯಲ್ಲಿ ಹೆಣ್ಣುಮಕ್ಕಳು ಕೆಡುವುದಿಲ್ಲ ಎಂದು ಊರು ನಂಬಿತ್ತು. ಅವರ ಮಡಿಯೇ ಶಾಲೆಗೆ ಜಾಮೀನು. ಅವರಿಗೆ ಅದರಲ್ಲಿ ಎಷ್ಟು ನಂಬಿಕೆ ಇತ್ತೋ ನನಗೆ ಗೊತ್ತಿಲ್ಲ. ಇಷ್ಟು ಗೊತ್ತು: ಶಾಲೆಯ ಬಾಗಿಲು ತೆರೆದಿರಲಿ ಎಂದು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಆಮೇಲೆ ಹೆಂಗಸರಿಗೂ ಓಟು ಬೇಕು ಎಂಬ ಮಾತು ಮೈಸೂರು, ಬೆಂಗಳೂರುಗಳಲ್ಲಿ ಎದ್ದಿತು. ಯಶೋದಮ್ಮನವರು ಅದನ್ನು ಸೆರಗಿಗೆ ಕಟ್ಟಿಕೊಂಡರು. ಬೇಸಿಗೆ ರಜೆ ಬಂತೆಂದರೆ ಎತ್ತಿನ ಗಾಡಿ ಮಾಡಿಕೊಂಡು ಪಿರಿಯಾಪಟ್ಟಣಕ್ಕೋ ಎಡತೊರೆಗೋ ಹೆಗ್ಗಡದೇವನಕೋಟೆಗೋ ಹೊರಟುಬಿಡುತ್ತಿದ್ದರು. ಸಭೆ, ಭಾಷಣ ಏನೂ ಇಲ್ಲ. ಬಾವಿಕಟ್ಟೆಯ ಹತ್ತಿರ, ಭತ್ತ ಕುಟ್ಟುವ ಕಡೆ ನಿಂತು ಮಾತಾಡುವುದು. ‘ಕಂದಾಯ ನಿಮ್ಮ ಹೆಸರಿನಲ್ಲಿ ಕಟ್ಟಿಸಿಕೊಳ್ಳುತ್ತಾರೆ. ಮಾತು ಮಾತ್ರ ಯಾಕೆ ಗಂಡಸರ ಹೆಸರಿನಲ್ಲಿ?’ ಎನ್ನುವುದು ಅವರ ಮುಖ್ಯ ಪ್ರಶ್ನೆ. ಕೋಟೆಯ ಕಡೆಯ ಒಬ್ಬಳು ಒನಕೆ ನಿಲ್ಲಿಸಿ, ‘ಓಟು ಆಕುದ್ರೆ ನಮಗೇನು ಕೊಟ್ಟಾರು?’ ಎಂದಳಂತೆ.

‘ಏನೂ ಕೊಡುವುದಿಲ್ಲ. ಕೇಳುತ್ತಾರೆ.’

‘ಏನ್ ಕೇಳಾರು?’

‘ನಿಮ್ಮನ್ನು ಕೇಳುತ್ತಾರೆ. ಹೀಗೆ ಮಾಡೋಣವೇ, ಹಾಗೆ ಮಾಡೋಣವೇ ಅಂತ.’

‘ಅಯ್ಯೋ, ನಮ್ಮನ್ನ ಯಾರು ಕೇಳವ್ರೆ ಇಲ್ಲೀಗಂಟ!’ ಎಂದು ಅವಳು ನಕ್ಕು, ಮತ್ತೆ ಕುಟ್ಟುವುದಕ್ಕೆ ಶುರುಮಾಡಿದಳಂತೆ. ಸರ್ಕಾರಿ ನೌಕರಿಯಲ್ಲಿದ್ದುಕೊಂಡು ಹೀಗೆ ತಿರುಗುವುದೇನು ಎಂದು ಮೇಲಿನವರು ವಿಚಾರಿಸಿದಾಗ, ‘ರಜೆಯಲ್ಲಿ ನೆಂಟರನ್ನು ನೋಡಲು ಹೋಗಿದ್ದೆ’ ಎಂದು ಯಶೋದಮ್ಮನವರು ಉತ್ತರ ಕೊಟ್ಟರು. ಮೂರು ತಾಲ್ಲೂಕಿನ ತುಂಬ ನೆಂಟರಿದ್ದ ಹೆಂಗಸು!

ಕೊನೆಗೆ ಸರ್ಕಾರ ಒಪ್ಪಿತು. ಆದರೆ ಓಟು ಸಿಗುವುದು ಹೆಸರಿನಲ್ಲಿ ಆಸ್ತಿಯೋ ತೆರಿಗೆಯೋ ಇದ್ದವರಿಗೆ. ಗಂಡ ಇರುವ ಹೆಂಗಸಿನ ಹೆಸರಿನಲ್ಲಿ ಆ ಕಾಲದಲ್ಲಿ ಏನಿರುತ್ತಿತ್ತು, ಮೂಗುಬೊಟ್ಟೊಂದನ್ನು ಬಿಟ್ಟು? ಮನೆ, ಹೊಲ ಹೆಸರಿಗೆ ಬರುತ್ತಿದ್ದದ್ದು ಅವನು ಸತ್ತ ಮೇಲೆ, ಗಂಡುಮಕ್ಕಳು ಇನ್ನೂ ಚಿಕ್ಕವರಾಗಿದ್ದರೆ. ಹೀಗಾಗಿ ನಮ್ಮ ಕಡೆ ಓಟು ಬಂದದ್ದು ಹೆಂಗಸರಿಗಲ್ಲ, ಗಂಡ ಸತ್ತ ಹೆಂಗಸರಿಗೆ. ತೆರಿಗೆ ಕಟ್ಟುತ್ತಿದ್ದ ಯಶೋದಮ್ಮನವರಿಗೂ ಬಂತು. ಶುಭಕಾರ್ಯಕ್ಕೆ ಎದುರು ಬಂದರೆ ಅಪಶಕುನ ಎನ್ನುವವರ ಮನೆಬಾಗಿಲಿಗೇ ಉಮೇದುವಾರರು ಕೈಮುಗಿದುಕೊಂಡು ಬರಬೇಕಾಯಿತು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ತುಂಬುತ್ತದೆ.

ಈ ಕಥೆಯ ಗಂಟು ಇರುವುದು ಅದಾಗಿ ಕೆಲವು ವರ್ಷಗಳ ಮೇಲೆ ಪೇಟೆಯಲ್ಲಿ ನಡೆದ ಪುರಸಭೆಯ ಚುನಾವಣೆಯಲ್ಲಿ. ಶಾಲೆಯಲ್ಲಿ ಆಗ ನಾಲ್ಕನೇ ಕ್ಲಾಸಿನವರೆಗೆ ಮಾತ್ರ ಇತ್ತು. ಐದು ತೆರೆಯಬೇಕಾದರೆ ಇನ್ನೊಂದು ಕೋಣೆ ಬೇಕು, ಕೋಣೆ ಕಟ್ಟಲು ಪಕ್ಕದ ಖಾಲಿ ಜಾಗ ಬೇಕು. ಆ ಜಾಗ ಪುರಸಭೆಯದು. ಅಕ್ಕಿ ವ್ಯಾಪಾರದ ಶಿವನಂಜಪ್ಪನವರು, ತಾವು ಗೆದ್ದರೆ ಜಾಗವನ್ನು ಶಾಲೆಗೆ ಕೊಡಿಸುವುದಾಗಿ ಹೇಳಿದರು. ಎದುರು ನಿಂತ ಮರದ ವ್ಯಾಪಾರಿ ನೀಲಕಂಠಸ್ವಾಮಿಯವರಿಗೆ ಅಲ್ಲಿ ದಿಮ್ಮಿ ಇಳಿಸುವ ಆಸೆ. ಪುರಸಭೆಯಲ್ಲಿ ಎರಡು ಪಕ್ಷಗಳೂ ಸಮಸಮ. ನಮ್ಮ ವಾರ್ಡಿನ ಒಂದು ಸ್ಥಾನ ಎತ್ತ ಹೋದರೆ ಜಾಗವೂ ಅತ್ತ. ನಮ್ಮವ್ವ ಆ ವರ್ಷ ನಾಲ್ಕನೇ ಕ್ಲಾಸು. ಐದಿಲ್ಲದಿದ್ದರೆ ಮದುವೆ ಎಂದು, ತೀರಿಹೋಗಿದ್ದ ನಮ್ಮ ತಾತನ ತಮ್ಮಂದಿರು ಗಂಡು ನೋಡಲು ಶುರುಮಾಡಿದ್ದರು.

ಓದು ಬಾರದವರೂ ಓಟು ಹಾಕಬೇಕಲ್ಲ, ಅದಕ್ಕೆ ಉಮೇದುವಾರನಿಗೊಂದು ಬಣ್ಣದ ಪೆಟ್ಟಿಗೆ ಇಟ್ಟರು. ಚೀಟಿ ಎತ್ತಿದಾಗ ನೀಲಕಂಠಸ್ವಾಮಿಯವರಿಗೆ ಬಿಳಿ ಬಂತು, ಶಿವನಂಜಪ್ಪನವರಿಗೆ ಹಳದಿ. ಯಾರಿಗೂ ಏನೂ ಅನ್ನಿಸಲಿಲ್ಲ. ಯಶೋದಮ್ಮನವರಿಗೂ ಅನ್ನಿಸಲಿಲ್ಲ. ಸಾಲಿನಲ್ಲಿ ಹೇಗೆ ನಿಲ್ಲಬೇಕು, ಹೆಸರು ಕೇಳಿದರೆ ಹೇಗೆ ಹೇಳಬೇಕು ಎಂದು ಎಲ್ಲ ಕಲಿಸಿದವರು ಇದೊಂದನ್ನು ಮರೆತರು. ಸಂತೆಯ ದಿನದ ಹೊತ್ತಿಗೆ ಪೇಟೆಯಲ್ಲಿ ಮಾತು ಹುಟ್ಟಿಬಿಟ್ಟಿತು: ಹಳದಿಯದು ಅರಿಶಿನದ ಪೆಟ್ಟಿಗೆ, ಮುತ್ತೈದೆಯರ ಪೆಟ್ಟಿಗೆ. ಗಂಡ ಸತ್ತವಳು ಅದರ ಮೇಲೆ ಕೈ ಇಟ್ಟರೆ ಮಕ್ಕಳಿಗೆ ಆಗಿಬರುವುದಿಲ್ಲ. ಮಾತು ಹುಟ್ಟಿಸಿದ್ದು ತಾನೇ ಎಂದು ಯಾರೂ ಒಪ್ಪಿಕೊಳ್ಳಲಿಲ್ಲ. ನೀಲಕಂಠಸ್ವಾಮಿಯವರು ಮಾತ್ರ ಯಶೋದಮ್ಮನವರು ಎದುರಾದಾಗ ಎಂದಿನಂತೆ ಕೈಮುಗಿದು, ‘ಚೀಟಿ ಎತ್ತಿದ್ದು ದೇವರು ತಾಯಿ, ನಾನಲ್ಲ’ ಎಂದರು.

ಯಶೋದಮ್ಮನವರು ನೆಟ್ಟಗೆ ನಮ್ಮಜ್ಜಿಯ ಮನೆಗೆ ಬಂದರು. ಓಟು ಇದ್ದ ಹೆಂಗಸರಿಗೆಲ್ಲ ಕೆಂಪಾಜಮ್ಮನ ಮಾತೆಂದರೆ ಮಾತು. ಎರಡು ಎಮ್ಮೆ, ಒಂದು ಮನೆ, ಆರು ಬೀದಿಗೆ ಕೇಳುವ ಗಂಟಲು ಅವಳ ಆಸ್ತಿ. ಎಣ್ಣೆ ಅಂಗಡಿಯ ಸಣ್ಣತಾಯಮ್ಮನೂ ಅಲ್ಲೇ ಕೂತಿದ್ದಳು.

‘ಯಾರಿಗೆ ಹಾಕಿ ಅಂತ ನಾನು ಹೇಳುವ ಹಾಗಿಲ್ಲ, ಹೇಳುವುದೂ ಇಲ್ಲ. ಬಿಳಿಗೆ ಹಾಕಬೇಕು ಅನ್ನಿಸಿದರೆ ಬಿಳಿಗೇ ಹಾಕಿ. ಆದರೆ ಬಣ್ಣಕ್ಕೆ ಹೆದರಿ ಹಾಕಬೇಡಿ. ಇದಕ್ಕಾಗಿ ನಾನು ಇಷ್ಟು ವರ್ಷ ತಿರುಗಲಿಲ್ಲ’ ಎಂದರು ಯಶೋದಮ್ಮನವರು.

‘ನಂಗೆ ಇರೋನು ಒಬ್ಬ ಮಗ ಕಣ್ರಮ್ಮ’ ಎಂದಳು ಸಣ್ಣತಾಯಮ್ಮ, ಅಷ್ಟೇ.

‘ಸಾರಿಗೆ ಅರಿಶಿನ ಹಾಕುವುದಿಲ್ಲವೇ ನೀವು? ಆಗ ಕೈಗೆ ಹತ್ತುವುದಿಲ್ಲವೇ?’

‘ಅದು ಒಲೇದು. ಇದು ಮೈದು’ ಎಂದಳು ಅಜ್ಜಿ. ‘ಪುಸ್ತಕದ ಮಾತು ಬುಡಿ ಅಮ್ಮಾವ್ರೆ. ನನ್ ಮಗಳು ಐದನೇ ಕ್ಲಾಸು ಓದ್ಲಿ ಅಂತ ನಂಗೂ ಅದೆ. ಆ ಹಳದೀಗೇ ಆಕ್ಬೇಕು ಅಂತ ಮನಸ್ಸೂ ಅದೆ. ಆದ್ರೆ ಈ ಕೈ ಏಳಕಿಲ್ಲ. ಒಂದು ಕೇಳ್ತೀನಿ, ಬೇಜಾರು ಮಾಡ್ಕಬೇಡಿ. ನೀವೂ ನಮ್ಮಂಗೇ ಅಲ್ವಾ? ನೀವು ಮುಟ್ಟೀರಾ?’

 ಯಾವ ಪ್ರಶ್ನೆಗೂ ತಡವರಿಸದ ಯಶೋದಮ್ಮನವರು ಅವತ್ತು ‘ಬರುತ್ತೇನೆ’ ಎಂದು ಎದ್ದುಹೋದರು. ಅಜ್ಜಿಗೆ ಸಿಟ್ಟು ಬಂತು. ಊರಿಗೆ ಉಪದೇಶ ಹೇಳುವವರ ಹಣೆಬರಹವೇ ಇಷ್ಟು ಎಂದು ಎಮ್ಮೆಗೆ ಹೇಳಿದಳಂತೆ. ಪಾಪ, ಎದ್ದುಹೋದವರ ಕಷ್ಟ ಅವಳಿಗೇನು ಗೊತ್ತು? ಯಶೋದಮ್ಮನವರ ಮಡಿಗೆ ಒಂದು ಕಲೆ ಬಿದ್ದರೆ ದೇವಸ್ಥಾನದ ಬೀದಿಯ ಹುಡುಗಿಯರು ಶಾಲೆ ಬಿಡುತ್ತಾರೆ. ಅವರನ್ನು ನೋಡಿ ಉಳಿದವರು ಬಿಡುತ್ತಾರೆ. ಐದನೇ ಕ್ಲಾಸಿನ ಆಸೆಗೆ ನಾಲ್ಕೂ ಹೋದರೆ?

ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಮತ್ತೆ ಬಂದರು. ಜಗಲಿಯ ಕೆಳಗೇ ನಿಂತು ‘ಮುಟ್ಟುತ್ತೇನೆ’ ಎಂದರು.

ಅಜ್ಜಿ ಬಿಡುವವಳೇ? ‘ಮುಟ್ಟಿದ್ದು ನಮಗೆ ಎಂಗೆ ಗೊತ್ತಾಗ್ಬೇಕು? ಒಳಗೆ ಪರದೆ ಕಟ್ಟಿರ್ತಾರಂತೆ.’

‘ನನ್ನ ಮಾತು ಸಾಲದೇ?’

‘ನಂಗೆ ಸಾಲ್ತದೆ. ಉಳಿದೋರ್ಗೆ ಸಾಲಕಿಲ್ಲ. ಒಳಗೆ ಬಿಳೀದಕ್ಕೆ ಆಕ್ಬುಟ್ಟು ಆಚೆ ಬಂದು ಹಳದೀದು ಅಂದ್ರು ಅಂತಾರೆ.’ ಯಶೋದಮ್ಮನವರು, ‘ಮೊದಲು ನಾನು ಹೋಗುತ್ತೇನೆ. ಆಮೇಲೆ ನಿಮ್ಮಿಷ್ಟ’ ಎಂದು ಹೊರಟುಹೋದರು.

ಆಷಾಢ. ಕೊಡಗಿನ ಕಡೆಯಿಂದ ಮೋಡ ಇಳಿದು ಜಿಟಿಜಿಟಿ ಮಳೆ ಹಿಡಿದಿತ್ತು. ಬಿಳಿ ಪೆಟ್ಟಿಗೆ ಹಳೆಯದು. ಹಳದಿ ಪೆಟ್ಟಿಗೆಗೆ ಗಾಡಿಗಳಿಗೆ ಬಣ್ಣ ಬಳಿಯುವ ಸರ್ದಾರ್ ಪಾಷಾ ಮೂರು ದಿನದ ಹಿಂದೆ ಹೊಸದಾಗಿ ಬಳಿದಿದ್ದ, ಎಣ್ಣೆ ಬಣ್ಣ, ಗಾಡಿಗೆ ಬಳಿಯುವಷ್ಟೇ ದಪ್ಪವಾಗಿ. ಆ ಹವಾಕ್ಕೆ ಅದೆಲ್ಲಿ ಒಣಗಬೇಕು? ಓಟಿನ ದಿನ ಬೆಳಿಗ್ಗೆ ಮೊದಲು ಹೋದ ಗಂಡಸರು ಕೆಲವರು ಗೊಣಗುತ್ತಾ ಬಂದು ಪಂಚೆಗೆ ಕೈ ಒರೆಸಿಕೊಂಡು ಹೋದರು. ಗಂಡಸರ ಪಂಚೆಗೆ ಏನಂಟಿದೆ ಎಂದು ನೋಡುವ ವ್ಯವಧಾನ ಆ ಕಡೆ ಸಾಲಿನಲ್ಲಿ ನಡುಗುತ್ತಾ ನಿಂತಿದ್ದ ಹೆಂಗಸರಿಗೆ ಇರಲಿಲ್ಲ.

ಸಾಲಿನಲ್ಲಿ ಯಶೋದಮ್ಮನವರು ಮೊದಲು, ಅಜ್ಜಿ ಮೂರನೆಯವಳೋ ನಾಲ್ಕನೆಯವಳೋ. ರಸ್ತೆಯಾಚೆ ಛತ್ರಿ ಹಿಡಿದ ಗಂಡಸರ ಗುಂಪು. ಅದರಲ್ಲಿ ದೇವಸ್ಥಾನದ ಬೀದಿಯ ಯಜಮಾನರೂ ಇದ್ದರು, ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದವರು. ಯಶೋದಮ್ಮನವರು ಒಳಗೆ ಹೋದರು. ಪೆಟ್ಟಿಗೆಯ ಬಾಯಿಗೆ ಬಣ್ಣ ಕಟ್ಟಿಕೊಂಡಿತ್ತಂತೆ. ಒಂದು ಕೈಯಲ್ಲಿ ಮುಚ್ಚಳ ಅದುಮಿ ಹಿಡಿದರಷ್ಟೇ ಚೀಟಿ ಒಳಗೆ ಇಳಿಯುತ್ತಿತ್ತು. ಅದುಮಿ ಹಿಡಿದರು.

ಹೊರಗೆ ಮೆಟ್ಟಿಲಿಗೆ ಬಂದಾಗ ಬೆಳಕಿನಲ್ಲಿ ತಮ್ಮ ಕೈ ನೋಡಿಕೊಂಡರು. ನಾಲ್ಕು ಬೆರಳೂ ಹಳದಿ. ಎಲ್ಲರೂ ನೋಡಿದರು. ಕೈ ಸೆರಗಿನೊಳಗೆ ಹೋಯಿತು. ಒಂದು ಗಳಿಗೆ ಅಲ್ಲೇ ಇತ್ತು. ಆಮೇಲೆ ಹೊರಗೆ ಬಂತು. ಸಾಲಿನ ಹತ್ತಿರ ಮಾತಾಡಕೂಡದು ಎಂದು ಅಪ್ಪಣೆಯಾಗಿತ್ತು. ಅವರು ಮಾತಾಡಲಿಲ್ಲ. ಕೈಯನ್ನು ಬದಿಗೆ ಇಳಿಬಿಟ್ಟುಕೊಂಡು, ಸಾಲಿನ ಉದ್ದಕ್ಕೂ, ಒಬ್ಬೊಬ್ಬರ ಎದುರಿನಿಂದಲೂ ನಿಧಾನವಾಗಿ ನಡೆದುಹೋದರು.

‘ನನ್ನೆದೆ ಧಸಕ್ಕಂತು ಕಣೆ’ ಎನ್ನುತ್ತಿದ್ದಳು ಅಜ್ಜಿ. ‘ಅಷ್ಟು ವರ್ಸದ ಮಡಿ! ಆ ಗಂಡಸ್ರೆಲ್ಲ ನೋಡ್ತಾವ್ರೆ, ಮಳೆ ಉಯ್ತಾ ಅದೆ, ಆಯಮ್ಮ ಬಣ್ಣದ ಕೈ ಬುಟ್ಕೊಂಡು ಓಯ್ತಾ ಅವ್ರೆ. ನಂಗೆ ನಾಚ್ಕೆ ಆಯ್ತು, ನಾನ್ಯಾಕೆ ಎದುರ್ಕಂಡೆ ಅಂತ. ಒಳಗೆ ಓದೋಳು ಎರಡು ಕೈಯಾಗೂ ಒತ್ತಿಬುಟ್ಟೆ.’

ಅವಳ ಹಿಂದೆ ಸಣ್ಣತಾಯಮ್ಮ ಮಗನ ಹೆಸರು ಹೇಳಿಕೊಂಡು ಹೋದಳು. ಅವಳ ಹಿಂದೆ ಇನ್ನೊಬ್ಬಳು. ಎಲ್ಲರೂ ಹಳದಿಗೇ ಹಾಕಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಬಣ್ಣವಿಲ್ಲದ ಕೈಯಲ್ಲಿ ಹೊರಗೆ ಬಂದವರೂ ಇದ್ದರು, ಅವರಲ್ಲಿ ಕೆಲವರು ನೀಲಕಂಠಸ್ವಾಮಿಯವರನ್ನು ಮೆಚ್ಚಿಯೇ ಹಾಕಿದವರು. ಅವರ ಮೇಲೆ ಯಶೋದಮ್ಮನವರು ಎಂದೂ ಮುನಿಯಲಿಲ್ಲ.

ಮಧ್ಯಾಹ್ನವೇ ದೇವಸ್ಥಾನದ ಬೀದಿಯ ಯಜಮಾನರು ಶಾಲೆಗೆ ಬಂದು, ಬಾಗಿಲಲ್ಲೇ ನಿಂತು, ನಾಳೆಯಿಂದ ನಮ್ಮ ಮಕ್ಕಳು ಬರುವುದಿಲ್ಲ ಎಂದರು. ಅಂಥವರ ಕೈಯಲ್ಲಿ ಅಕ್ಷರ ಕಲಿಯುವುದಕ್ಕಿಂತ ಕಲಿಯದಿರುವುದೇ ಮೇಲು ಎಂದೂ ಸೇರಿಸಿದರು. ‘ಅವರ ಜಾಗಕ್ಕೆ ಬೇರೆಯವರನ್ನು ಕೂರಿಸುವುದಿಲ್ಲ. ಯಾವಾಗ ಬೇಕಾದರೂ ಕಳಿಸಿ’ ಎಂದರು ಯಶೋದಮ್ಮನವರು. ದನಿ ನಡುಗಿತೆಂದು ಒಳಗಿದ್ದ ನಮ್ಮವ್ವ ಹೇಳುತ್ತಾಳೆ. ನಾನು ಅವಳನ್ನು ನಂಬುತ್ತೇನೆ.

ಸಂಜೆ ಎಣಿಕೆ. ಓಟು ಹಾಕಿದ ಹೆಂಗಸರು ಮನೆಗೆ ಹೋಗದೆ ಒಬ್ಬೊಬ್ಬರಾಗಿ ಶಾಲೆಯ ಹಿತ್ತಲಿಗೆ ಬಂದು, ಮಾಡಿನ ಕೆಳಗೆ ಕೂತರು. ಯಾರೂ ಕರೆದಿರಲಿಲ್ಲ. ಯಶೋದಮ್ಮನವರು ಎಂದಿನಂತೆ ಒಂದು ಮಾರು ಆಚೆ, ಕಂಬದ ಹತ್ತಿರ ನಿಂತಿದ್ದರು. ನಮ್ಮವ್ವ ಅಜ್ಜಿಯ ಮಗ್ಗುಲಲ್ಲಿ. ಅವಳ ಮದುವೆಯೋ ಐದನೇ ಕ್ಲಾಸೋ ತೀರ್ಮಾನವಾಗುತ್ತಿರುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. 

ಸರ್ದಾರ್ ಪಾಷಾ ಓಡಿಬಂದ. ಒಂದು ಕೈಯಲ್ಲಿ ಸೀಮೆಎಣ್ಣೆ ಬಾಟಲಿ, ಹೆಗಲ ಮೇಲೆ ಹಳೇ ಬಟ್ಟೆ. ‘ಗೆದ್ರು ಅಮ್ಮಾ! ಶಿವನಂಜಪ್ಪನೋರು ಗೆದ್ರು! ಸ್ವಲ್ಪದರಲ್ಲೇ, ಆದ್ರೂ ಗೆದ್ರು!’ ಎಂದ. ನಮ್ಮವ್ವ ಕಿರುಚಿದಳು. ಸಣ್ಣತಾಯಮ್ಮ ಅಳುವುದಕ್ಕೆ ಶುರುಮಾಡಿದಳು. ಪಾಷಾ ಆ ಕೈಗಳನ್ನೆಲ್ಲ ನೋಡಿ ಕೆನ್ನೆ ಬಡಿದುಕೊಂಡ. ‘ಮಾಫ್ ಮಾಡಿ ತಾಯಿ. ನಂದೇ ತಪ್ಪು. ಈ ಮೋಡದಾಗೆ ಬಣ್ಣ ಒಣಗಲಿಲ್ಲ. ನಿಮ್ಮಲ್ಲಿ ಇದು ಆಗಾಕಿಲ್ಲ ಅಂತ ಗೊತ್ತು. ಕೈ ಕೊಡಿ, ಸೀಮೆಎಣ್ಣೆ ಆಕಿದ್ರೆ ಒಂದ್ ಚಣದಾಗೆ ಹೊಂಟೋಯ್ತದೆ’ ಎಂದು ಬಟ್ಟೆ ನೆನೆಸಿ ಮುಂದೆ ಹಿಡಿದ.

ಯಾರೂ ಕೈ ಚಾಚಲಿಲ್ಲ. ಸಣ್ಣತಾಯಮ್ಮ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

‘ಇರ್ಲಿ ಬುಡಿ ಸಾಬ್ರೆ’ ಎಂದಳು ಅಜ್ಜಿ. ಆರು ಬೀದಿಗೆ ಕೇಳುವ ಅವಳ ಗಂಟಲು ಆಗ ಮಾಡಿನ ಕೆಳಗೆ ಕೂತವರಿಗೂ ಸರಿಯಾಗಿ ಕೇಳಿಸಲಿಲ್ಲವಂತೆ. ‘ದೊಡ್ ಮಗಳ ಮದುವೇಲಿ ಅವ್ಳಿಗೆ ಅರಿಸಿನ ಅಚ್ಚೋವಾಗ ನಾನು ಕೊಟ್ಟಿಗೇಲಿ ಎಮ್ಮೆ ಜೊತೆ ಕುಂತಿದ್ದೆ. ಎತ್ತ ಮಗಳಿಗೆ ಅಚ್ನಿಲ್ಲ ಈ ಕೈ. ಇವತ್ತು ಅಂಟ್ಕಂಡದೆ. ತಾನಾಗೇ ಓಗೋಗಂಟ ಇರ್ಲಿ.’

ಹಾಗೆಂದವಳು ಎದ್ದಳು. ಕಂಬದ ಹತ್ತಿರಕ್ಕೆ, ಯಾರೂ ದಾಟದ ಆ ಒಂದು ಮಾರು ದಾಟಿ ಹೋದಳು. ಇನ್ನೂ ಅಂಟಂಟಾಗಿದ್ದ ಬೆರಳನ್ನು ಯಶೋದಮ್ಮನವರ ಕೆನ್ನೆಗೆ ಒತ್ತಿ, ‘ತಕ್ಕಳಿ ಅಮ್ಮಾವ್ರೆ, ಅರಿಸಿನ’ ಎಂದಳು.

ಅವರು ಹಿಂದೆ ಸರಿಯುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಸರಿಯಲಿಲ್ಲ. ಒಂಬತ್ತನೇ ವಯಸ್ಸಿನ ಮದುವೆಯಲ್ಲಿ ಯಾರೋ ಹಚ್ಚಿದ್ದು ಬಿಟ್ಟರೆ ಆ ಕೆನ್ನೆಗೆ ಯಾರ ಕೈಯೂ ಸೋಕಿರಲಿಲ್ಲವೇನೋ. ಸುಮ್ಮನೆ ನಿಂತು ಹಚ್ಚಿಸಿಕೊಂಡರು. ಆಮೇಲೆ ತಮ್ಮ ಬಲಗೈ ಎತ್ತಿ ಕೆಂಪಾಜಮ್ಮನ ಕೆನ್ನೆಗೆ ಹಚ್ಚಿದರು. ಮೊದಲು ಒಂದು ಕೆನ್ನೆಗೆ, ಆಮೇಲೆ ಇನ್ನೊಂದಕ್ಕೆ, ಶಾಸ್ತ್ರದಲ್ಲಿ ಹೇಗೋ ಹಾಗೆ. ಹಚ್ಚಿ, ಸಣ್ಣತಾಯಮ್ಮನ ಕಡೆ ತಿರುಗಿದರು.